ನಕಾಶೆ ತಿದ್ದಿದ ಅಕ್ಕೋರು

ಕಳೆದ ತಿಂಗಳು ಬನವಾಸಿ ಕಡೆಯಿಂದ ಫೋನ್ ಬಂತು. ಮಾತಾಡಿದವರು ಅಕ್ಕೋರ ತಂಗಿ. "ಅಕ್ಕ ಹೋದ್ಲ್ರಿ. ನಿಮಗ ಹೇಳಬೇಕು ಅಂತ ಚೀಟಿ ಬರೆದಿಟ್ಟಿದ್ಲು" ಎಂದರು. ಆ ಚೀಟಿಯಲ್ಲಿ ಹತ್ತು ಹೆಸರುಗಳಿದ್ದವಂತೆ, ಒಂದೊಂದರ ಮುಂದೆಯೂ ಫೋನ್ ನಂಬರು. ಇಬ್ಬರ ನಂಬರು ಬದಲಾಗಿದ್ದನ್ನು ಹೊಡೆದುಹಾಕಿ ಹೊಸದನ್ನು ಬರೆದಿದ್ದರಂತೆ. ತಾವು ಇಲ್ಲದ ಸುದ್ದಿ ಯಾರ್ಯಾರಿಗೆ ಮುಟ್ಟಬೇಕು ಎಂಬುದನ್ನೂ ಹೀಗೆ ತಿದ್ದಿ ಇಟ್ಟು ಹೋದರು ಎಂದು ಕೇಳಿ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದು ರೂಢಿ. ಇವರು ಶಿರಸಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಭೂಗೋಳದ ಮಾಸ್ತರು ರಜೆ ಹಾಕಿದ ದಿನ ಆ ಪಾಠವನ್ನೂ ಮಾಡುತ್ತಿದ್ದರು. ನನಗೆ ಅವರು ಶಾಲೆಯಲ್ಲಿ ಕಲಿಸಿದವರಲ್ಲ. ಆದರೆ ನನ್ನ ಹೊಟ್ಟೆಪಾಡಿನ ಕೆಲಸವನ್ನು ಕಲಿಸಿದವರು ಅವರೇ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಇಲ್ಲಿಯೂ ಕರೆಯುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷ ಆಗಿರಬೇಕು. ಶಿರಸಿ ಪೇಟೆಯಲ್ಲಿ ಒಂದು ಬಟ್ಟೆಯಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮದೊಂದು ಚಿಕ್ಕ ಸಂಸ್ಥೆ ಇತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಕೆರೆ, ಒರತೆ, ಹಳ್ಳಗಳು ಎಲ್ಲೆಲ್ಲಿವೆ, ಯಾವುದು ಬತ್ತಿದೆ, ಯಾವುದು ಉಳಿದಿದೆ ಎಂದು ದಾಖಲಿಸುವುದು ನಮ್ಮ ಕೆಲಸ. ಅದಕ್ಕಾಗಿ ಉಪಗ್ರಹ ತೆಗೆದ ಚಿತ್ರಗಳ ಒಂದು ಸೀಡಿ ತರಿಸಿಕೊಂಡಿದ್ದೆವು. ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಒಂದಿತ್ತು. ಅದಕ್ಕೆ ತಂತಿ ಜೋಡಿಸಿದ, ಅಂಗೈಯಗಲದ ಪುಟ್ಟ ಕಂಪ್ಯೂಟರು ಇನ್ನೊಂದು. ಸೀಡಿಯ ಚಿತ್ರವನ್ನು ತುಂಡುಮಾಡಿ ಆ ಪುಟ್ಟ ಕಂಪ್ಯೂಟರಿಗೆ ಹಾಕಿಕೊಂಡರೆ, ನಾವು ನಿಂತ ಜಾಗ ಚಿತ್ರದ ಮೇಲೆ ಒಂದು ಕೆಂಪು ಚುಕ್ಕೆಯಾಗಿ ಕಾಣಬೇಕು. ನಾವು ನಡೆದಂತೆ ಚುಕ್ಕೆಯೂ ನಡೆಯಬೇಕು.

ಚುಕ್ಕೆ ಕಂಡಿತು, ನಡೆಯಿತು. ಆದರೆ ಸಿದ್ದಾಪುರದ ಹತ್ತಿರ ಕೆರೆ ಏರಿಯ ಮೇಲೆ ಒಣಗಿದ ಚಪ್ಪಲಿಯಲ್ಲಿ ನಿಂತಿದ್ದ ನನ್ನನ್ನು ಅದು ಕೆರೆಯ ನಡುನೀರಿನಲ್ಲಿ ತೋರಿಸಿತು. ಯಂತ್ರವೇ ಹಾಳಾಗಿದೆ ಎಂದುಕೊಂಡು ಎರಡು ವಾರ ಒದ್ದಾಡಿದೆವು.

ಅಕ್ಕೋರು ನಮ್ಮಲ್ಲಿಗೆ ಬಂದದ್ದು ತಾಲೂಕಿನ ಹಳೆಯ ನಕಾಶೆಯೊಂದರ ಜೆರಾಕ್ಸ್ ಕೇಳಲು. ಆಗ ಅವರ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬೆರಳುಗಳಲ್ಲಿ ಸುಣ್ಣದ ಕಡ್ಡಿಯ ಪುಡಿ, ಹೆಗಲಿಗೆ ನೀಲಿ ಬಟ್ಟೆಯ ಚೀಲ. ನನ್ನ ಹೆಣಗಾಟವನ್ನು ನೋಡುತ್ತ ಬೆನ್ನ ಹಿಂದೆ ನಿಂತರು.

"ಈ ಚಿತ್ರಾನ ಎಲ್ಲೆಲ್ಲಿ ಹಿಡದೀರಿ?" ಎಂದು ಕೇಳಿದರು.

ಚಿತ್ರದಲ್ಲಿ ಗುರುತು ಸಿಗುವ ಮೂರು ಜಾಗಗಳನ್ನು ಆರಿಸಿ, ಹಳೆಯ ಛಾಪಿಸಿದ ನಕಾಶೆಯಿಂದ ಅವುಗಳ ಅಕ್ಷಾಂಶ ರೇಖಾಂಶ ನೋಡಿ ತುಂಬಿದ್ದೇನೆ ಎಂದೆ. ಅವು ಮೂರೂ ಸಿದ್ದಾಪುರ ಪೇಟೆಯ ಆಸುಪಾಸಿನವೇ.

"ಡ್ರಾಯಿಂಗ್ ಹಾಳಿಗೆ ಮೂರೂ ಪಿನ್ನು ಒಂದೇ ಮೂಲ್ಯಾಗ ಚುಚ್ಚಿದ್ರ ಉಳಿದ ಹಾಳಿ ಹಾರೂದಿಲ್ಲೇನು? ನಾಕೂ ಮೂಲಿ ಹಿಡೀರಿ. ನಡುವ ಒಂದು ಹಿಡೀರಿ." ಆಮೇಲೆ ಹಳೆಯ ನಕಾಶೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ಮೇಲೇರಿಸಿ, ಅದರ ಅಂಚಿನಲ್ಲಿ ಇರುವೆಯಂತೆ ಅಚ್ಚಾಗಿದ್ದ ಸಾಲುಗಳನ್ನು ಒಂದೊಂದಾಗಿ ಓದಿದರು. ಆ ನಕಾಶೆಯ ಲೆಕ್ಕ ಭೂಮಿಯ ಆಕಾರವನ್ನು ಒಂದು ರೀತಿ ಅಂದಾಜು ಮಾಡಿ ಹಾಕಿದ್ದು, ಜಿಪಿಎಸ್ ಯಂತ್ರದ ಲೆಕ್ಕ ಇನ್ನೊಂದು ರೀತಿ. ಎರಡರ ನಡುವೆ ನೂರಾರು ಅಡಿಗಳ ವ್ಯತ್ಯಾಸ. ನಾನು ಒಂದರ ಅಂಕಿಯನ್ನು ಇನ್ನೊಂದಕ್ಕೆ ಉಣಿಸುತ್ತಿದ್ದೆ. ಕೆರೆಯಲ್ಲಿ ಮುಳುಗಿದ್ದು ಅದಕ್ಕೆ.

"ಅಂಚು ಓದ್ರಿ ಮೊದಲ. ಯಾರೂ ಓದೂದಿಲ್ಲ ಅಂತನ ಎಲ್ಲಾ ಅಲ್ಲೇ ಬರೆದಿರ್ತಾರ" ಎಂದರು. ಅವರು ಎಲ್ಲದರ ಅಂಚನ್ನೂ ಓದುವವರೆಂದು ನನಗೆ ಬರಬರುತ್ತ ತಿಳಿಯಿತು. ಔಷಧದ ಬಾಟಲಿ, ಬಸ್ಸಿನ ಟಿಕೆಟ್ಟು, ಮದುವೆಯ ಕರೆಯೋಲೆಯ ಕೆಳಗೆ ಅಚ್ಚಾದ ಪ್ರೆಸ್ಸಿನ ಹೆಸರು, ಯಾವುದನ್ನೂ ಬಿಡುತ್ತಿರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮಲ್ಲಿಗೆ ಬರತೊಡಗಿದರು. ನಿವೃತ್ತಿಯಾದ ಮೇಲೆ ದಿನವೂ ಬಂದರು. ಕಂಪ್ಯೂಟರ್ ಮುಟ್ಟಿಯೇ ಗೊತ್ತಿರದವರು ಮೂರು ತಿಂಗಳಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿದರು. ಚಿತ್ರದಲ್ಲಿ ಬಿಂದು ಆರಿಸುವುದು ಅವರಿಗೆ ಹೂವು ಆರಿಸಿದಂತೆ. ಮರ ಬೇಡ, ಕಡಿದಾರು. ಹಳ್ಳದ ದಂಡೆ ಬೇಡ, ಮಳೆಗಾಲದಲ್ಲಿ ಸರಿದೀತು. ಕೆರೆಯ ಕಲ್ಲುಕಟ್ಟೆಯ ಮೂಲೆ, ರಸ್ತೆ ಕೂಡುವ ಜಾಗ, ರಸ್ತೆ ಹಳ್ಳ ದಾಟುವ ಜಾಗ, ಇವು ಆದಾವು. ಆರಿಸಿದ ಮೇಲೆ ಹಳೆಯ ನಕಾಶೆಯ ಅಂಕಿಯನ್ನು ನಂಬದೆ, ಬಸ್ಸು ಹಿಡಿದು ಅಲ್ಲಿಗೇ ಹೋಗಿ ಯಂತ್ರ ಹಿಡಿದು ನಿಲ್ಲುತ್ತಿದ್ದರು. ಒಂದೊಂದು ಬಿಂದುವಿನಲ್ಲಿ ಹತ್ತು ನಿಮಿಷ, ಬೇರೆ ಬೇರೆ ಮೂರು ದಿನ.

ಸೋಂದಾದ ಹತ್ತಿರ ಕೆರೆಯ ಮೂಲೆಯೊಂದರಲ್ಲಿ ಅಕ್ಕೋರು ಹೀಗೆ ಯಂತ್ರ ಹಿಡಿದು ಕೈಯೆತ್ತಿ ನಿಂತಿದ್ದಾಗ ದಾರಿಯಲ್ಲಿ ಬಂದ ಅಮ್ಮ ಒಬ್ಬರು ಹವ್ಯಕರ ಮಾತಿನಲ್ಲಿ ನನ್ನನ್ನು ಕೇಳಿದ್ದರು. "ತಮಾ, ಇಲ್ಲಿ ಎಂತ ನಡೀತಾ ಇದ್ದು? ಫೋನ್ ಸಿಕ್ತಿಲ್ಯ? ಇಲ್ಲಿ ಸಿಕ್ತಿಲ್ಲೆ, ಆ ಗುಡ್ಡ ಹತ್ತವು."

"ಫೋನಲ್ರಿ ಅಮ್ಮಾ, ನಿಮ್ಮ ಕೆರಿ ಎಲ್ಲೈತಿ ಅಂತ ನೋಡಾಕತ್ತೀನಿ" ಎಂದರು ಅಕ್ಕೋರು.

"ಇಲ್ಲೇ ಇದ್ದಲ್ಲ" ಎಂದು ಆ ಅಮ್ಮ ಕೆರೆಯನ್ನು ತೋರಿಸಿ ಹೋದರು. ಅಕ್ಕೋರು ಬಸ್ಸಿನಲ್ಲಿ ಶಿರಸಿ ತಲುಪುವವರೆಗೂ ಅದನ್ನು ನೆನೆಸಿಕೊಂಡು ನಗುತ್ತಿದ್ದರು.

ಅವರದೊಂದು ಕಟ್ಟುನಿಟ್ಟು ಇತ್ತು. ಚಿತ್ರವನ್ನು ನೆಲದ ನಿಜ ಜಾಗಗಳಿಗೆ ಹೊಂದಿಸಿ ಕೂರಿಸಲು ಐದು ಬಿಂದು ಬೇಕಾದರೆ ಆರು ಆರಿಸುತ್ತಿದ್ದರು. ಆರನೆಯದನ್ನು ಕಂಪ್ಯೂಟರಿಗೆ ಕೊಡುತ್ತಿರಲಿಲ್ಲ. ಐದರಿಂದ ಚಿತ್ರ ಕೂರಿಸಿದ ಮೇಲೆ, ಆರನೆಯ ಜಾಗಕ್ಕೆ ಹೋಗಿ ನಿಂತು, ಚುಕ್ಕೆ ಸರಿಯಾಗಿ ಅಲ್ಲೇ ಬೀಳುತ್ತದೆಯೇ ಎಂದು ನೋಡುವುದು. "ಇದು ಸಾಕ್ಷಿ. ಸಾಕ್ಷಿನ ಮೊದಲ ಕಲಿಸಿಟ್ರ ಅದು ಏನು ಸಾಕ್ಷಿ ಹೇಳೀತು?" ನಮ್ಮ ತಂತ್ರಾಂಶ ನಾವು ಕೊಟ್ಟ ಬಿಂದುಗಳಿಗೆ ತಕ್ಕಂತೆ ಚಿತ್ರವನ್ನು ಎಳೆದು, ಬಗ್ಗಿಸಿ ಕೂರಿಸುತ್ತಿತ್ತು. ಬಿಂದುವೇ ತಪ್ಪಾಗಿದ್ದರೆ ಅದು ಬಾಯಿಬಿಡುತ್ತಿರಲಿಲ್ಲ. ಹಾಗಾಗಿ ಈ ಆರನೆಯದರ ಮೇಲೆ ಅವರಿಗೆ ಅಷ್ಟು ನಂಬಿಕೆ. ಅವರ ಚಿತ್ರಗಳು ನಾಲ್ಕು ಮಾರು ಆಚೀಚೆ ಆಗದೆ ಕೂರುತ್ತವೆಂದು ಮೂರು ತಾಲೂಕಿನಲ್ಲಿ ಹೆಸರಾಯಿತು.

ಆ ಹೆಸರು ಕೇಳಿಯೇ ಗಣಪಣ್ಣ ನಮ್ಮನ್ನು ಕರೆಸಿಕೊಂಡದ್ದು. ಯಲ್ಲಾಪುರದಿಂದ ಒಳಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ ಅವರ ಊರು. ಊರಿನ ಸಮಿತಿಗೆ ಅವರೇ ಅಧ್ಯಕ್ಷರು. ಅಲ್ಲಿ ದನ ಮೇಯುವ ಸಾಮೂಹಿಕ ಜಾಗದಲ್ಲಿ ಒಬ್ಬೊಬ್ಬರಾಗಿ ಬೇಲಿ ಹಾಕಿ ಹಾಕಿ ಮೇವೇ ಇಲ್ಲದಂತಾಗಿತ್ತು. ಜಗಳ ಹೊಡೆದಾಟದವರೆಗೆ ಹೋಗಿ, ಕೊನೆಗೆ ಊರವರೇ ಕೂತು ಒಂದು ಒಪ್ಪಂದಕ್ಕೆ ಬಂದಿದ್ದರು. ಹತ್ತು ವರ್ಷಕ್ಕೂ ಹಿಂದಿನಿಂದ ಇದ್ದ ಗದ್ದೆ ಇರಲಿ, ಆಮೇಲೆ ಬೇಲಿ ಹಾಕಿದ್ದನ್ನು ದನಕ್ಕೆ ಬಿಟ್ಟುಕೊಡಬೇಕು. ಯಾವುದು ಹಳೆಯದು, ಯಾವುದು ಹೊಸದು? ಅದನ್ನು ಹೇಳಲು ತೊಂಬತ್ತರ ದಶಕದ ಕಪ್ಪು ಬಿಳುಪಿನ ಉಪಗ್ರಹ ಚಿತ್ರವೊಂದು ನಮ್ಮ ಬಳಿ ಇತ್ತು. ಅದನ್ನು ಯಂತ್ರಕ್ಕೆ ಹಾಕಿಕೊಂಡು ಒಬ್ಬೊಬ್ಬರ ಗದ್ದೆಯಲ್ಲೂ ನಿಂತರೆ, ಆಗ ಅಲ್ಲಿ ಕಾಡಿತ್ತೋ ಬಯಲಿತ್ತೋ ಕಾಣುತ್ತದೆ.

ಎರಡು ದಿನ ಗಣಪಣ್ಣನ ಮನೆಯಲ್ಲೇ ನಮ್ಮ ಊಟ, ವಸತಿ. ಅಕ್ಕೋರಿಗೆ ಕಷಾಯ, ಬಿಸಿನೀರು ಎಲ್ಲ ಕೇಳುವ ಮೊದಲೇ ಬರುತ್ತಿತ್ತು. ಚಿತ್ರ ಕೂರಿಸುವುದು ಮಾತ್ರ ಕಷ್ಟವಾಯಿತು. ಊರಿನ ಮೇಲ್ಭಾಗವೆಲ್ಲ ದಟ್ಟ ಕಾಡು. ಗುರುತು ಹಿಡಿಯಲು ಅಲ್ಲಿ ಇದ್ದದ್ದು ಒಂದೇ, ರಸ್ತೆ ಹಳ್ಳ ದಾಟುವ ಸೇತುವೆ. ಅಕ್ಕೋರು ಸೇತುವೆಯ ಮೇಲೆ ನಿಂತು ಅಂಕಿ ತೆಗೆದರು. ಸಾಕ್ಷಿಗೆಂದು ಇನ್ನೊಂದು ಬಿಂದು ಆ ಕಡೆ ಸಿಗಲಿಲ್ಲ. ಮಳೆಗಾಲ ಹತ್ತಿರ ಬಂದಿತ್ತು, ಸಭೆ ಮರುದಿನವಿತ್ತು. "ಇರಲಿ, ಇದು ಸೇತುವಿ, ಎಲ್ಲಿಗೆ ಹೋಗತೈತಿ" ಎಂದರು. ಅವರು ತಮ್ಮ ನಿಯಮ ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಭೆಯಲ್ಲಿ ಅಕ್ಕೋರು ನಕಾಶೆ ಬಿಡಿಸಿ ಹೇಳಿದರು. ಮೇಲ್ಭಾಗದ ನಾಲ್ಕು ಮನೆಗಳ ಪೈಕಿ ಮೂರರ ಗದ್ದೆ ಹಳೆಯ ಚಿತ್ರದಲ್ಲಿ ಕಾಡಿನೊಳಗೆ ಬೀಳುತ್ತಿತ್ತು. ಹಾಗಾಗಿ ಅವು ಹೊಸವು. ನಾಲ್ಕನೆಯದು ಗಣಪಣ್ಣನ ಗದ್ದೆ. ಅದು ಬಯಲಿನಲ್ಲಿ ಬೀಳುತ್ತಿತ್ತು, ಹಾಗಾಗಿ ಹಳೆಯದು. ಮುಂದಿನ ವಾರ ಮೂರು ಬೇಲಿ ಕೀಳುವುದೆಂದು ನಿರ್ಣಯವಾಯಿತು. ಗಣಪಣ್ಣ ತಲೆ ತಗ್ಗಿಸಿ ಕೂತಿದ್ದರು. ಅದು ಅವರ ಸೌಜನ್ಯವೆಂದು ನಾನು ತಿಳಿದೆ.

ಆ ಮೂರು ಮನೆಗಳಲ್ಲಿ ಒಂದು ಮಾದೇವಿಯದು. ಗಂಡ ಸತ್ತ ಮೇಲೆ ಎರಡು ಮಕ್ಕಳನ್ನು ಆ ಗದ್ದೆಯ ಮೇಲೆಯೇ ಸಾಕುತ್ತಿದ್ದಳು. ನಾವು ಬಸ್ಸಿಗೆಂದು ಸೇತುವೆಯ ಕಡೆ ನಡೆದಾಗ ಹಿಂದೆಯೇ ಬಂದಳು.

"ಅಕ್ಕೋರೆ, ನಾನು ಮದುವೆಯಾಗಿ ಬಂದ ವರ್ಷ ಆ ಗದ್ದೆಲಿ ನಟ್ಟಿ ಮಾಡಿದ್ದೆ. ಈಗ ಹದಿನಾರು ವರ್ಷ ಆಯ್ತು. ನಿಮ್ಮ ಮಿಷನ್ನು ಹ್ಯಾಂಗೆ ಇಲ್ಲ ಹೇಳ್ತದೆ?"

"ಚಿತ್ರದಾಗ ಕಾಡು ಐತವಾ. ನಾ ಏನ್ ಮಾಡ್ಲಿ?" ಎಂದರು ಅಕ್ಕೋರು, ಮೆತ್ತಗೆ, ಆದರೆ ಅನುಮಾನವಿಲ್ಲದೆ.

"ಚಿತ್ರ ಯಾವಾಗಿಂದೋ ನಂಗೆ ಗೊತ್ತಿಲ್ಲ. ನಾನು ಬಂದಾಗ ಈ ಬ್ರಿಜ್ಜೂ ಇರ್ಲಿಲ್ಲ. ಮೇಲಿನ ಹಳೆ ಬ್ರಿಜ್ಜಿನ ಮೇಲೆ ನಡ್ದು ಬಂದವಳು ನಾನು."

ಅಕ್ಕೋರು ನಿಂತುಬಿಟ್ಟರು. ಕೈಯಲ್ಲಿದ್ದ ಕೊಡೆಯನ್ನು ನೆಲಕ್ಕೆ ಊರಿ, "ಎಲ್ಲಿ? ತೋರಿಸು" ಎಂದರು.

ಬಸ್ಸು ಬಂತು, ಹೋಯಿತು. ನಾವು ಹಳ್ಳದ ಗುಂಟ ಮುಳ್ಳು, ಬಳ್ಳಿ ಸರಿಸುತ್ತ ಮೇಲಕ್ಕೆ ಹೋದೆವು. ಸುಮಾರು ಇನ್ನೂರು ಹೆಜ್ಜೆಯಾಚೆ ಎರಡೂ ದಡಗಳಲ್ಲಿ ಪಾಚಿ ಕಟ್ಟಿದ ಕಲ್ಲಿನ ಕಟ್ಟೆಗಳಿದ್ದವು. ಹಳೆಯ ಸೇತುವೆಯ ಅಡಿಗಟ್ಟು. ಅದು ಕುಸಿದ ಮೇಲೆ ಕೆಳಗೆ ಹೊಸ ಸೇತುವೆ ಕಟ್ಟಿ, ರಸ್ತೆಯನ್ನೂ ಆ ಕಡೆ ತಿರುಗಿಸಿದ್ದರು. ನಮ್ಮ ಹಳೆಯ ಚಿತ್ರದಲ್ಲಿ ರಸ್ತೆ ಹಳ್ಳ ದಾಟಿದ್ದು ಈ ಕಲ್ಲುಗಳ ನಡುವೆ. ಅಕ್ಕೋರು ಅಂಕಿ ತೆಗೆದದ್ದು ಹೊಸ ಸೇತುವೆಯ ಮೇಲೆ. ಎರಡನ್ನೂ ಒಂದೇ ಎಂದು ಕಟ್ಟಿದ್ದರಿಂದ ಚಿತ್ರದ ಆ ಮೂಲೆಯೆಲ್ಲ ಇನ್ನೂರು ಹೆಜ್ಜೆ ಕೆಳಕ್ಕೆ ಜಾರಿಕೊಂಡಿತ್ತು. ಕಾಡು ಬಂದು ಗದ್ದೆಯ ಮೇಲೆ ಕೂತಿತ್ತು.

ಅಕ್ಕೋರ ಮುಖ ಬಿಳಿಚಿಕೊಂಡಿತು. ಅಲ್ಲೇ ಕಲ್ಲಿನ ಮೇಲೆ ಹತ್ತು ನಿಮಿಷ ನಿಂತು ಅಂಕಿ ತೆಗೆದುಕೊಂಡರು. ಆಮೇಲೆ ಮಾದೇವಿಯನ್ನು ಕೇಳಿದರು, "ಆವಾಗಿಂದ ಇದ್ದದ್ದು, ಸರಿಯದೆ ಇದ್ದದ್ದು ಇನ್ನೇನರ ಈ ಕಡೆ ಐತೇನು?" ಅವಳು ಊರ ಬಾವಿಯನ್ನು ತೋರಿಸಿದಳು. ಕಾಡಿನ ಅಂಚಿನಲ್ಲಿ, ಸುತ್ತ ಅಗಲವಾದ ಕಲ್ಲುಹಾಸು ಇದ್ದ ಬಾವಿ. ಚಿತ್ರದಲ್ಲಿ ಅದು ಸಾಸಿವೆಯಷ್ಟು ಬಿಳಿ ಚುಕ್ಕೆ. ನಾವು ಯಾರೂ ಅದನ್ನು ಬಾವಿಯೆಂದು ಗುರುತಿಸಿರಲಿಲ್ಲ.

ಆ ರಾತ್ರಿ ಮತ್ತೆ ಗಣಪಣ್ಣನ ಮನೆಯಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಯಲ್ಲಾಪುರದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೂತು ಅಕ್ಕೋರು ಚಿತ್ರವನ್ನು ಹೊಸದಾಗಿ ಕೂರಿಸಿದರು. ಮಧ್ಯಾಹ್ನ ಮತ್ತೆ ಊರಿಗೆ ಬಂದು ಬಾವಿಕಟ್ಟೆಯ ಮೇಲೆ ನಿಂತರು. ಚುಕ್ಕೆ ಬಿಳಿ ಸಾಸಿವೆಯ ಮೇಲೆ ಬಿತ್ತು. ಮಾದೇವಿಯ ಗದ್ದೆಯಲ್ಲಿ ನಿಂತರು. ಚಿತ್ರದಲ್ಲಿ ಅಲ್ಲಿ ಅಚ್ಚ ಬಯಲು. ಉಳಿದಿಬ್ಬರದೂ ಹಾಗೆಯೇ. ಆಮೇಲೆ ಗಣಪಣ್ಣನ ಗದ್ದೆ. ಅಲ್ಲಿ ಕಪ್ಪು, ಒತ್ತಾದ ಕಾಡು.

ಗಣಪಣ್ಣ ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಅವರಿಗೆ ಹೊಸದೇನೂ ತಿಳಿಯಲಿಲ್ಲ. ಆರು ವರ್ಷದ ಹಿಂದೆ ಆ ಮರಗಳನ್ನು ಕಡಿಸಿದವರು ಅವರೇ. ನನ್ನನ್ನು ಪಕ್ಕಕ್ಕೆ ಕರೆದರು.

"ತಮಾ, ಮೂರು ಜನಂದು ಸರಿ ಮಾಡ್ಲಿ, ಆನು ಬೇಡ ಹೇಳ್ತಿಲ್ಲೆ. ಯಂದು ಒಂದ್ಸಲ ಸಭೆಲಿ ಆಗೋತಲ. ಅದನ್ನ ಮತ್ತೆ ಎಂತಕ್ಕೆ ತೆಗೀತ್ರು? ನೀನಾದ್ರೂ ಹೇಳು ಅಕ್ಕೋರಿಗೆ."

ನಾನು ಹೇಳಿದೆ. ಸುಳ್ಳೇಕೆ, ಆ ಹೊತ್ತು ನಾನೂ ಗಣಪಣ್ಣನ ಕಡೆಯೇ ಇದ್ದೆ. ಆ ಒಪ್ಪಂದಕ್ಕೆ ಊರನ್ನು ಒಪ್ಪಿಸಿದವರು ಅವರು. ಅವರ ಮಾನ ಹೋದರೆ ಒಪ್ಪಂದವೇ ಮುರಿದೀತು ಎಂದು ವಾದಿಸಿದೆ. ಮೂರು ಮನೆಯವರಿಗೆ ತಿದ್ದುಪಡಿಯ ಪತ್ರ ಕಳಿಸಿದರೆ ಸಾಕಲ್ಲ ಎಂದೆ.

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಮೂರು ಮನಿಗೆ ಖರೆ, ಒಂದು ಮನಿಗೆ ಸುಳ್ಳು ಅಂತ ನಕಾಶಿ ಹ್ಯಾಂಗ ಬರೀಲಿ ತಮ್ಮಾ? ಹಾಳಿ ಒಂದೇ ಐತಲ್ಲ" ಎಂದರು. ಕನ್ನಡಕ ತಿರುಗಿ ಹಾಕಿಕೊಂಡು, "ಪತ್ರ ಬ್ಯಾಡ. ಸಭೆದಾಗ ಹೇಳಿದ್ದನ್ನ ಸಭೆದಾಗನ ವಾಪಸ್ ತಗೋಬೇಕು" ಎಂದರು.

ಮೂರನೆಯ ದಿನ ಮತ್ತೆ ಊರು ಸೇರಿತು. ಅಕ್ಕೋರು ಎದ್ದುನಿಂತು ಎರಡೂ ನಕಾಶೆಗಳನ್ನು ಅಕ್ಕಪಕ್ಕ ತೂಗುಹಾಕಿಸಿದರು. "ಎಡಗಡಿದು ತಪ್ಪು. ತಪ್ಪು ಮಿಷನ್‌ದಲ್ಲ, ನಂದು. ಹಳೇ ಸೇತುವಿ ಎಲ್ಲಿತ್ತು ಅಂತ ಈ ಊರಾಗ ಯಾರನ್ನ ಕೇಳಿದ್ರೂ ಹೇಳ್ತಿದ್ರು. ನಾ ಆಕಾಶ ಕೇಳಿದೆ, ಊರು ಕೇಳಲಿಲ್ಲ. ನನ್ನಿಂದ ಮೂರು ಮನ್ಯಾಗ ಮೂರು ದಿನ ಒಲಿ ಸರಿಯಾಗಿ ಹತ್ತಿಲ್ಲ. ಅದಕ್ಕ ಕೈ ಮುಗೀತೀನಿ." ಹೇಳಿ ನಿಜವಾಗಿಯೂ ಮಾದೇವಿ ಕೂತ ಕಡೆಗೆ ತಿರುಗಿ ಕೈ ಮುಗಿದರು. ಆಮೇಲೆ, ಧ್ವನಿ ಏರಿಸದೆ, ಇಳಿಸದೆ, ಗಣಪಣ್ಣನ ಗದ್ದೆಯ ವಿಷಯವನ್ನೂ ಹೇಳಿದರು.

ಗಣಪಣ್ಣ ಎದ್ದು ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡು ಹೊರಗೆ ಹೋದರು. ಆ ಸಂಜೆ ಅವರ ಮನೆಯಲ್ಲಿ ನಮ್ಮ ಚೀಲಗಳು ಜಗುಲಿಗೆ ಬಂದು ಕೂತಿದ್ದವು. ಎರಡು ದಿನ ಕಳೆದು ಅವರೇ ಆಳು ಕರೆದು ತಮ್ಮ ಬೇಲಿ ಕೀಳಿಸಿದರೆಂದು ಆಮೇಲೆ ಗೊತ್ತಾಯಿತು. ನಮ್ಮೊಡನೆ ಮಾತ್ರ ಮಾತು ನಿಂತಿತು.

ಹಿಂದಿರುಗುವ ಬಸ್ಸಿನಲ್ಲಿ ಅಕ್ಕೋರು ಮೊದಲ ಸಲ ದಣಿದಂತೆ ಕಂಡರು. ಇನ್ನು ಈ ಕೆಲಸ ಬಿಡುತ್ತಾರೇನೋ ಎಂದು ನನಗೆ ಭಯವಾಯಿತು. ಕೇಳಿದೆ. "ಬಿಡೂದ್ಯಾಕ?" ಎಂದರು. "ಹ್ಯಾಂಗ ತಪ್ಪತೀನಿ ಅಂತ ಈಗಷ್ಟ ಗೊತ್ತಾಗೇತಿ." ಆಮೇಲೆ ಅವರು ಯಾವ ಊರಿಗೆ ಹೋದರೂ ಚೀಲದಿಂದ ಯಂತ್ರ ತೆಗೆಯುವ ಮೊದಲು ಊರಿನ ಹಿರಿಯರೊಬ್ಬರ ಹತ್ತಿರ ಕೂರುತ್ತಿದ್ದರು. ಮೊದಲು ರಸ್ತೆ ಎಲ್ಲಿತ್ತು, ಕೆರೆಯ ಕೋಡಿ ಎಲ್ಲಿತ್ತು, ಯಾವುದು ಬಿತ್ತು, ಯಾವುದನ್ನು ಕಟ್ಟಿದರು ಎಂದು ಕೇಳುತ್ತಿದ್ದರು. ಅವರು ಬರೆದಿಟ್ಟ ಎಷ್ಟೋ ನೋಟುಬುಕ್ಕುಗಳು ಈ ಮಾತುಗಳಿಂದಲೇ ತುಂಬಿವೆ.

ಇದಾಗಿ ಮೂರು ಮಳೆಗಾಲ ಕಳೆದಿರಬೇಕು. ಅಷ್ಟು ಹೊತ್ತಿಗೆ ಜಿಪಿಎಸ್ಸೂ ಚಿತ್ರವೂ ಒಂದರಲ್ಲೇ ಇರುವ, ತಂತಿಯಿಲ್ಲದ ಯಂತ್ರ ನಮ್ಮಲ್ಲಿಗೆ ಬಂದಿತ್ತು. ಒಂದು ದಿನ ಕಚೇರಿಗೆ ಫೋನ್ ಬಂತು. ಗಣಪಣ್ಣ. ಕುಶಲ ಕೇಳಲಿಲ್ಲ.

"ತಮಾ, ಯಂಗೂ ತಮ್ಮಂಗೂ ಆಸ್ತಿ ಹಿಸೆ ಆಗ್ತಾ ಇದ್ದು. ಬೆಟ್ಟದ ಗಡಿ ಸರಿಹೋಗ್ತಿಲ್ಲೆ. ಅಕ್ಕೋರು ಬಂದು ನೋಡ್ಲಕ್ಕ ಕೇಳು."

ಮೂರು ತಾಲೂಕಿನಲ್ಲಿ ಅಳೆಯುವವರು ಬೇಕಾದಷ್ಟು ಜನ ಇದ್ದರು. ಅವರನ್ನೇ ಏಕೆ ಎಂದು ಕೇಳದೆ ಇರಲಾಗಲಿಲ್ಲ.

"ಅವ್ರು ಹೇಳಿದ್ರೆ ಆನೂ ಒಪ್ತೆ, ತಮ್ಮನೂ ಒಪ್ತ. ಬೇರೆ ಯಾರು ಹೇಳಿದ್ರೂ ಇಬ್ರೂ ಒಪ್ತ್ವಿಲ್ಲೆ."

ಅಕ್ಕೋರಿಗೆ ಆಗ ಮೊಣಕಾಲು ನೋವು ಜೋರು. ಆದರೂ ಮರುವಾರವೇ ಹೊರಟರು. ಅಣ್ಣತಮ್ಮಂದಿರಿಬ್ಬರನ್ನೂ ಜಗುಲಿಯ ಮೇಲೆ ಕೂರಿಸಿಕೊಂಡು, ಅವರ ಅಪ್ಪನ ಕಾಲದಲ್ಲಿ ಗಡಿ ಎಲ್ಲಿತ್ತು ಎಂದು ಒಂದು ತಾಸು ಕೇಳಿದರು. ಆಮೇಲೆ ದಿನವಿಡೀ ಬೆಟ್ಟ ಸುತ್ತಿದರು. ಸಂಜೆ ಹಾಳೆಯ ಮೇಲೆ ಗೆರೆ ಎಳೆದು ಮುಂದಿಟ್ಟರು. ಗಣಪಣ್ಣ ನೋಡಲೇ ಇಲ್ಲ. ಜೇಬಿನಿಂದ ಪೆನ್ನು ತೆಗೆದು ಸಹಿಗೆ ಬಗ್ಗಿದರು.

ಅಕ್ಕೋರು ಹಾಳೆಯ ಮೇಲೆ ಅಂಗೈ ಇಟ್ಟು ತಡೆದರು. "ನೋಡದ ಸಹಿ ಮಾಡಬ್ಯಾಡ್ರಿ."

"ನೀವು ನೋಡಿದ್ರಲ್ಲ, ಸಾಕು" ಎಂದರು ಗಣಪಣ್ಣ.

"ನಾ ತಪ್ಪತೀನಿ. ನೀವು ಕಂಡೀರಿ." ಅಕ್ಕೋರು ಯಂತ್ರವನ್ನು ಅವರ ಕೈಗೆ ಕೊಟ್ಟು, ಹೇಗೆ ಹಿಡಿಯಬೇಕು, ಚುಕ್ಕೆಯನ್ನು ಹೇಗೆ ಓದಬೇಕು ಎಂದು ತೋರಿಸಿದರು. ಬೆಳಕು ಇನ್ನೂ ಇತ್ತು. ಅಣ್ಣತಮ್ಮಂದಿರಿಬ್ಬರೂ ಯಂತ್ರ ಹಿಡಿದು, ಮೂಲೆಯಿಂದ ಮೂಲೆಗೆ, ಗೆರೆಯ ಉದ್ದಕ್ಕೂ ನಡೆದರು. ಹೋಗುವಾಗ ಹತ್ತು ಮಾರು ಅಂತರದಲ್ಲಿದ್ದರು. ಬರುವಾಗ ಒಂದೇ ಪರದೆಯ ಮೇಲೆ ಇಬ್ಬರೂ ಬಗ್ಗಿ, ಏನೋ ಮಾತಾಡಿಕೊಂಡು ಬರುತ್ತಿದ್ದರು. ಅಕ್ಕೋರು ಜಗುಲಿಯ ಕಂಬಕ್ಕೆ ಒರಗಿ, ನೋಯುವ ಕಾಲು ನೀಡಿಕೊಂಡು, ಅವರು ಬರುವುದನ್ನೇ ನೋಡುತ್ತಿದ್ದರು.

ಇಬ್ಬರೂ ಸಹಿ ಮಾಡಿದರು. ಅಕ್ಕೋರು ಹಾಳೆಯನ್ನು ಮಡಚಿ ಗಣಪಣ್ಣನ ಕೈಗೆ ಕೊಟ್ಟು, "ಈಗ ಇದು ನಿಮ್ಮ ನಕಾಶಿ" ಎಂದರು.